ಪದಕದ ಹಿಂಬದಿಯ ಹೆಸರು

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಮಗ ಅಮೆರಿಕದ ನ್ಯೂಜೆರ್ಸಿಯಿಂದ ಊರಿಗೆ ಬಂದಿದ್ದ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಂದೆತಾಯಿಯರೊಡನೆ ಗುರುನಿವಾಸಕ್ಕೆ ಬಂದು, ಜೇಬಿನಿಂದ ಒಂದು ಪುಟ್ಟ ಪೆಟ್ಟಿಗೆಯನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟ. ಅಲ್ಲಿ ಮನೆ ಖಾಲಿ ಮಾಡುವವರು ಹಳೆಯ ಸಾಮಾನುಗಳನ್ನು ಅಂಗಳದಲ್ಲಿ ಹರಡಿ ಮಾರುವುದುಂಟಂತೆ. ಅಂಥ ಒಂದು ಅಂಗಳದಲ್ಲಿ, ಹಳೆಯ ಗುಂಡಿಗಳೂ ಕೀಲಿಕೈಗಳೂ ತುಂಬಿದ ಡಬ್ಬಿಯ ತಳದಲ್ಲಿ ಅವನಿಗೆ ಅದು ದೊರೆತಿತ್ತು.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಂಚಿನ ಪದಕ. ಒಂದು ಬದಿಯಲ್ಲಿ ದಪ್ಪ ಮೀಸೆಯ ವ್ಯಕ್ತಿಯೊಬ್ಬರ ಪಾರ್ಶ್ವಮುಖ. ಇನ್ನೊಂದು ಬದಿಯಲ್ಲಿ ಬೆಟ್ಟಗಳನ್ನು ಸೀಳಿದ ಕಾಲುವೆಯ ನೋಟ, ಅದರ ಜೊತೆಗೆ ಒಬ್ಬ ಮನುಷ್ಯನ ಹೆಸರು. ಹುಡುಗ ಕೇಳಿದ ಮೊದಲ ಪ್ರಶ್ನೆ, "ಫಾದರ್, ಇದರ ಬೆಲೆ ಎಷ್ಟಿರಬಹುದು?" ಅವನ ತಾಯಿ ಕೇಳಿದ ಪ್ರಶ್ನೆ ಬೇರೆಯಾಗಿತ್ತು: "ಪಾಪ, ಈ ಹೆಸರಿನವರು ಯಾರು?"

ಬೆಲೆಯ ವಿಷಯದಲ್ಲಿ ನಾವು ಅಜ್ಞಾನಿಗಳು. ಆದರೆ ಹಳೆಯ ಪದಕಗಳ ಕುರಿತು ಓದುವ ಹವ್ಯಾಸ ನಮಗೆ ಬಹುಕಾಲದಿಂದ ಇದೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ಅರಿಸ್ಟಾಟಲನು ಒಂದು ವಸ್ತುವಿಗೆ ನಾಲ್ಕು ಕಾರಣಗಳನ್ನು ಹೇಳಿದ್ದನ್ನು ಓದಿದ್ದೆವು. ಯಾವುದರಿಂದ ಆಗಿದೆ ಎಂಬ ಉಪಾದಾನ ಕಾರಣ, ಯಾವ ಆಕಾರ ತಳೆದಿದೆ ಎಂಬ ರೂಪ ಕಾರಣ, ಯಾರು ಮಾಡಿದರು ಎಂಬ ನಿಮಿತ್ತ ಕಾರಣ, ಯಾತಕ್ಕಾಗಿ ಎಂಬ ಉದ್ದೇಶ ಕಾರಣ. ಉಪಾದಾನ ಕಾರಣಕ್ಕೆ ಅವನು ಕೊಡುವ ಉದಾಹರಣೆಯೇ ಪ್ರತಿಮೆಯ ಕಂಚು. ಹುಡುಗನ ಪ್ರಶ್ನೆ ಕಂಚಿನ ಬಳಿಯೇ ನಿಂತಿತ್ತು. ತಾಯಿಯ ಪ್ರಶ್ನೆ ನಾಲ್ಕನೆಯ ಕಾರಣದ ಬಾಗಿಲನ್ನು ತಟ್ಟಿತ್ತು. ಈ ವಾರ ಓದುಗರೊಡನೆ ಆ ಬಾಗಿಲೊಳಗೆ ಸ್ವಲ್ಪ ಇಣುಕಿ ನೋಡುವ ಆಸೆ ನಮ್ಮದು.

ಶಿಲ್ಪಿಗಳ ಕಾಲ

ನಾಣ್ಯ ಕೈಯಿಂದ ಕೈಗೆ ಹೋಗುವುದಕ್ಕಾಗಿ ಹುಟ್ಟಿದ್ದು. ಪದಕ ಒಂದು ಕೈಯಲ್ಲಿ ನಿಲ್ಲುವುದಕ್ಕಾಗಿ ಹುಟ್ಟಿದ್ದು. ಒಂದು ಘಟನೆಯನ್ನು ನೆನಪಿನಲ್ಲಿಡಲು ಅಚ್ಚೊತ್ತಿದ್ದು ಸ್ಮಾರಕ ಪದಕ. ಒಬ್ಬನ ಸಾಧನೆಯನ್ನು ಮನ್ನಿಸಿ ಕೊಟ್ಟದ್ದು ಪ್ರಶಸ್ತಿ ಪದಕ. ಈ ಎರಡೂ ಬಗೆಯ ಪದಕಗಳು ಅಮೆರಿಕದಲ್ಲಿ ಕಲೆಯ ಎತ್ತರಕ್ಕೇರಿದ್ದು 1893ರಿಂದ ಮೊದಲ ಮಹಾಯುದ್ಧದವರೆಗಿನ ಸುಮಾರು ಎರಡು ದಶಕಗಳಲ್ಲಿ.

1893ರಲ್ಲಿ ಶಿಕಾಗೊ ನಗರದಲ್ಲಿ ಕೊಲಂಬಸನ ಯಾನದ 400 ವರ್ಷಗಳ ನೆನಪಿಗೆ ವಿಶ್ವಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಈ ಮೇಳದ ಅಂಗವಾಗಿಯೇ ನಡೆದದ್ದೆಂದು ನಮ್ಮವರೆಲ್ಲರಿಗೂ ಗೊತ್ತು. ಅಲ್ಲಿ ತಮ್ಮ ವಸ್ತುಗಳನ್ನು ಪ್ರದರ್ಶಿಸಿ ಮೆಚ್ಚುಗೆ ಪಡೆದವರಿಗಾಗಿ ಪ್ರಶಸ್ತಿ ಪದಕವೊಂದನ್ನು ರೂಪಿಸುವ ಹೊಣೆ ಅಗಸ್ಟಸ್ ಸೇಂಟ್-ಗಾಡೆನ್ಸ್ ಎಂಬ ಶಿಲ್ಪಿಗೆ ಬಂತು. ಇವರು 1848ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿ, ತಾಯಿಯ ತೊಡೆಯ ಮೇಲಿನ ಕೂಸಾಗಿ ಅಮೆರಿಕಕ್ಕೆ ಬಂದವರು. ಚಪ್ಪಲಿ ಹೊಲಿಯುವವರ ಮಗ. ಹದಿಮೂರನೆಯ ವಯಸ್ಸಿಗೆ, ಕಲ್ಲು ಮತ್ತು ಚಿಪ್ಪಿನ ಮೇಲೆ ಉಬ್ಬುಚಿತ್ರ ಕೊರೆಯುವ ಕುಶಲಕರ್ಮಿಯ ಬಳಿ ಕೆಲಸಕ್ಕೆ ಸೇರಿದರು. ಬೆರಳಗಲದ ಜಾಗದಲ್ಲಿ ಮುಖವನ್ನು ಮೂಡಿಸುವ ಆ ವಿದ್ಯೆಯೇ ಮುಂದೆ ಅವರನ್ನು ಕಾಪಾಡಿತು.

ಪದಕದ ಮುಂಬದಿಯಲ್ಲಿ ಅವರು ದಡಕ್ಕೆ ಕಾಲಿಡುತ್ತಿರುವ ಕೊಲಂಬಸನನ್ನು ಮೂಡಿಸಿದರು. ಹಿಂಬದಿಯಲ್ಲಿ ಪಂಜು ಹಿಡಿದ ವಸ್ತ್ರರಹಿತ ತರುಣನೊಬ್ಬನನ್ನು ರೂಪಿಸಿದರು. ಅದು ಅಸಭ್ಯವೆಂದು ಗದ್ದಲವೆದ್ದಿತು. ಕಡೆಗೆ ಆ ಬದಿಯನ್ನು ತಿರಸ್ಕರಿಸಿ, ಟಂಕಸಾಲೆಯ ಚಾರ್ಲ್ಸ್ ಬಾರ್ಬರ್ ಅವರಿಂದ ಬೇರೊಂದು ಹಿಂಬದಿಯನ್ನು ಮಾಡಿಸಲಾಯಿತು. ಈ ಜಗಳಗಳ ನಡುವೆ ಪದಕಗಳು ವಿಜೇತರ ಕೈ ಸೇರಿದ್ದು 1896ರಲ್ಲಿ. ಸಂಗ್ರಾಹಕರು ಇಂದಿಗೂ ಈ ಪದಕವನ್ನು ತಿರುಗಿಸಿ, ಎರಡು ಬದಿಗಳಲ್ಲಿ ಇಬ್ಬರು ಬೇರೆ ಬೇರೆ ಮನಸ್ಸಿನ ಮನುಷ್ಯರನ್ನು ಕಾಣುತ್ತಾರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಶಸ್ತಿಗಳು ಸಂದವು. ಚಿನ್ನ ಬೆಳ್ಳಿಯೆಂಬ ಶ್ರೇಣಿ ಇರಲಿಲ್ಲ. ಎಲ್ಲರಿಗೂ ಒಂದೇ ಕಂಚು. ಆದರೆ ಪ್ರತಿಯೊಂದರ ಮೇಲೂ ಪಡೆದವರ ಹೆಸರು ಇತ್ತು.

ಅವರ ನಂತರ ಬಂದವರಲ್ಲಿಯೂ ವಲಸಿಗರೇ ಹೆಚ್ಚು. 1904ರ ಸೇಂಟ್ ಲೂಯಿಸ್ ವಿಶ್ವಮೇಳದ ಪ್ರಶಸ್ತಿ ಪದಕಗಳನ್ನು ರೂಪಿಸಿದ ಅಡಾಲ್ಫ್ ವೈನ್‌ಮನ್ ಜರ್ಮನಿಯಿಂದ ಬಾಲಕನಾಗಿ ಬಂದವರು. ಲಿಂಕನ್ನರ ಮುಖವನ್ನು 1909ರಲ್ಲಿ ಅಮೆರಿಕದ ಒಂದು ಸೆಂಟ್ ನಾಣ್ಯಕ್ಕೆ ತಂದ ವಿಕ್ಟರ್ ಡೇವಿಡ್ ಬ್ರೆನರ್ ಲಿಥುವೇನಿಯದ ಯೆಹೂದಿ. ಅದೇ 1909ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಹಡ್ಸನ್-ಫುಲ್ಟನ್ ಉತ್ಸವದ ಪದಕವನ್ನು ರೂಪಿಸಿದ ಎಮಿಲ್ ಫುಕ್ಸ್ ವಿಯೆನ್ನಾ ನಗರದವರು. ಹೊಸ ದೇಶವೊಂದು ತನ್ನ ಹೆಮ್ಮೆಯ ಗಳಿಗೆಗಳನ್ನು ಕಂಚಿನಲ್ಲಿ ಹೇಳಿಕೊಳ್ಳಲು ಹೊರಟಾಗ, ಹೊರಗಿನಿಂದ ಬಂದವರ ಬೆರಳುಗಳೇ ಅದಕ್ಕೆ ಬೇಕಾದವು.

ಜೇಡಿಮಣ್ಣಿನಿಂದ ಕಂಚಿನವರೆಗೆ

ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿಯೋ ಮೇಣದಲ್ಲಿಯೋ ದೊಡ್ಡ ತಟ್ಟೆಯ ಅಳತೆಯ ಮಾದರಿಯನ್ನು ಮಾಡುತ್ತಾನೆ. ಅದರಿಂದ ಪ್ಲಾಸ್ಟರಿನ ಅಚ್ಚು, ಅದರಿಂದ ಗಟ್ಟಿ ಲೋಹದ ಪ್ರತಿ. ಅನಂತರದ ಕೆಲಸ ಯಂತ್ರದ್ದು. ಫ್ರಾನ್ಸಿನ ಜಾನ್ವಿಯೆ ಎಂಬವರ ಹೆಸರಿನ ಈ ಯಂತ್ರದಲ್ಲಿ ಒಂದು ಮೊಂಡು ಸೂಜಿ ದೊಡ್ಡ ಮಾದರಿಯ ಏರುತಗ್ಗುಗಳ ಮೇಲೆ ಸುತ್ತುಸುತ್ತಾಗಿ ಸಾಗುತ್ತದೆ. ಅದರ ಚಲನೆಗೆ ಅನುಗುಣವಾಗಿ ಇನ್ನೊಂದು ತುದಿಯ ಕೊರೆಯುವ ಮೊನೆ ಉಕ್ಕಿನ ತುಂಡಿನ ಮೇಲೆ ಅದೇ ಆಕೃತಿಯನ್ನು ಚಿಕ್ಕದಾಗಿ ಕೊರೆಯುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಹೆನ್ರಿ ವೈಲ್ ಎಂಬವರು ಈ ಯಂತ್ರವನ್ನು ನ್ಯೂಯಾರ್ಕಿಗೆ ತರಿಸಿದರು. ಅವರ ಮೆಡಾಲಿಕ್ ಆರ್ಟ್ ಕಂಪೆನಿ ಶಿಲ್ಪಿಗಳ ಅಚ್ಚುಮೆಚ್ಚಿನ ಕಾರ್ಯಾಗಾರವಾಯಿತು.

ಉಕ್ಕಿನ ಅಚ್ಚು ಸಿದ್ಧವಾದ ಮೇಲೆ ಕಂಚಿನ ಬಿಲ್ಲೆಯನ್ನು ಅದರ ನಡುವೆ ಇಟ್ಟು ಒತ್ತಬೇಕು. ಒಂದೇ ಒತ್ತಿನಲ್ಲಿ ಉಬ್ಬುಶಿಲ್ಪ ಪೂರ್ತಿಯಾಗಿ ಏಳುವುದಿಲ್ಲ. ಒತ್ತಿದಂತೆ ಲೋಹ ಗಡುಸಾಗುತ್ತದೆ. ಆಗ ಅದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕು. ಹೀಗೆ ಹಲವು ಸಲ ಬೆಂಕಿಗೂ ಹಲವು ಸಲ ಒತ್ತಡಕ್ಕೂ ಒಳಗಾದ ಮೇಲೆಯೇ ಮುಖ ಸ್ಪಷ್ಟವಾಗುತ್ತದೆ. ಕೊನೆಗೆ ರಾಸಾಯನಿಕಗಳಿಂದ ಕಂದು, ಚಾಕಲೇಟು, ಹಸಿರುಮಿಶ್ರಿತ ಬಣ್ಣದ ತೆಳುಪದರವನ್ನು ಕೊಡುತ್ತಾರೆ. ಮನುಷ್ಯನ ಗುಣ ರೂಪುಗೊಳ್ಳುವ ಬಗೆಯನ್ನು ಮಕ್ಕಳಿಗೆ ಹೇಳಬೇಕಾದಾಗ ನಮಗೆ ಈ ಕ್ರಮ ಎಷ್ಟೋ ಸಲ ನೆನಪಾದದ್ದುಂಟು.

ಈ ಕಲೆಯನ್ನು ಮೆಚ್ಚುವವರೂ ಸಂಘಟಿತರಾದರು. 1858ರಲ್ಲಿ ಹುಟ್ಟಿದ ಅಮೆರಿಕನ್ ನಾಣ್ಯಶಾಸ್ತ್ರ ಸಂಘವು 1910ರಲ್ಲಿ ನ್ಯೂಯಾರ್ಕಿನಲ್ಲಿ ಸಮಕಾಲೀನ ಪದಕಗಳ ಅಂತರರಾಷ್ಟ್ರೀಯ ಪ್ರದರ್ಶನವನ್ನೇ ಏರ್ಪಡಿಸಿತು. ಅದಕ್ಕೆ ಸ್ವಲ್ಪ ಮೊದಲು 'ಪದಕಮಿತ್ರರ ವೃತ್ತ' ಎಂಬ ಅರ್ಥದ ಹೆಸರಿನ ಕೂಟವೊಂದು ಹುಟ್ಟಿ, ಪುಸ್ತಕದಂಥ ಹೊದಿಕೆಯೊಳಗೆ ಪದಕವನ್ನಿಟ್ಟು ಸದಸ್ಯರಿಗೆ ಕಳುಹಿಸುತ್ತಿತ್ತು. 1915ರವರೆಗೆ ಹನ್ನೆರಡು ಪದಕಗಳು ಹೀಗೆ ಹೊರಬಂದವು. ಆ ಹನ್ನೆರಡನ್ನೂ ಹೊದಿಕೆಸಹಿತ ಕೂಡಿಸುವುದು ಸಂಗ್ರಾಹಕರಿಗೆ ಇಂದಿಗೂ ಹೆಮ್ಮೆಯ ಮಾತು.

ಕೊಟ್ಟವರು ಯಾರು?

ಗೌರವವೆಂಬುದು ಪಡೆಯುವವನಿಗಿಂತ ಕೊಡುವವರನ್ನೇ ಹೆಚ್ಚು ಅವಲಂಬಿಸಿದೆ ಎಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ವಾದಿಸುತ್ತಾನೆ. ಪದಕವನ್ನು ಕೈಗೆತ್ತಿಕೊಂಡಾಗಲೆಲ್ಲ ಈ ಮಾತು ನಿಜವೆನಿಸುತ್ತದೆ. ಅದರ ಮೇಲಿನ ಹೆಸರು ಪಡೆದವನದು. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ತೀರ್ಪಿನಲ್ಲಿ ಕೊಟ್ಟವರ ಮನಸ್ಸು ಬಯಲಾಗುತ್ತದೆ.

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ, ಕಾರ್ಪೇಥಿಯ ಎಂಬ ಹಡಗು ಹಿಮಗಡ್ಡೆಗಳ ನಡುವೆ ಧಾವಿಸಿ ಬಂದು ಸುಮಾರು 700 ಜನರನ್ನು ದೋಣಿಗಳಿಂದ ಮೇಲೆತ್ತಿತು. ಬದುಕಿ ಉಳಿದವರು ಸಮಿತಿ ರಚಿಸಿ, ಹಣ ಕೂಡಿಸಿ, ನ್ಯೂಯಾರ್ಕಿನ ಡೀಜಸ್ ಮತ್ತು ಕ್ಲಸ್ಟ್ ಸಂಸ್ಥೆಯಿಂದ ಪದಕ ಮಾಡಿಸಿದರು. ಐರಿಷ್ ವಲಸಿಗರ ಮಗಳಾದ ಮಾರ್ಗರೆಟ್ ಬ್ರೌನ್ ಈ ಕಾರ್ಯದ ಮುಂದಾಳು. ಕಪ್ತಾನ ರಾಸ್ಟ್ರನ್ ಅವರಿಗೆ ಚಿನ್ನದ ಪದಕ ದೊರೆಯಿತು. ಆದರೆ ಕೊಡುಗೆ ಅಲ್ಲಿಗೇ ನಿಲ್ಲಲಿಲ್ಲ. ಕುಲುಮೆಗೆ ಕಲ್ಲಿದ್ದಲು ಎಸೆದವನಿಗೂ ಅಡಿಗೆಮನೆಯಲ್ಲಿ ಬಿಸಿ ಪಾನೀಯ ಕಾಸಿದವನಿಗೂ ಪದಕ ಸಂದಿತು. ಲೋಹದಲ್ಲಿ ಚಿನ್ನ, ಬೆಳ್ಳಿ, ಕಂಚು ಎಂಬ ಅಂತರ ಇತ್ತು ನಿಜ. ಆದರೆ ಚಿತ್ರವೂ ಬರಹವೂ ಎಲ್ಲರಿಗೂ ಒಂದೇ. ಪ್ರಾಣ ಉಳಿಸಿಕೊಂಡವರಿಗೆ, ತಮ್ಮನ್ನು ಉಳಿಸಿದ ವೇಗದ ಹಿಂದೆ ಯಾರ ಬೆವರು ಇತ್ತೆಂದು ಗೊತ್ತಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ವೈದ್ಯೆ ಮೇರಿ ವಾಕರ್ ಅವರಿಗೆ 1865ರಲ್ಲಿ ಮೆಡಲ್ ಆಫ್ ಆನರ್ ದೊರೆತಿತ್ತು. 1917ರಲ್ಲಿ ನಿಯಮಗಳ ಮರುಪರಿಶೀಲನೆ ನಡೆದು 911 ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಅವುಗಳಲ್ಲಿ ಅವರ ಹೆಸರೂ ಒಂದು. ಅವರು ಪದಕವನ್ನು ಹಿಂದಿರುಗಿಸಲಿಲ್ಲ. 1919ರಲ್ಲಿ ಸಾಯುವವರೆಗೂ ಅದನ್ನು ಧರಿಸಿಯೇ ಓಡಾಡಿದರು. ಅವರ ಹೆಸರು ಮತ್ತೆ ಪಟ್ಟಿಗೆ ಸೇರಿದ್ದು 1977ರಲ್ಲಿ.

ನಮ್ಮ ಧರ್ಮಸಭೆಯವರಿಗೆ ಆಸಕ್ತಿ ಹುಟ್ಟಿಸುವ ಪದಕವೂ ಅಲ್ಲಿದೆ. ನಾಟರ್‌ಡಾಮ್ ವಿಶ್ವವಿದ್ಯಾಲಯವು 1883ರಿಂದ ಅಮೆರಿಕದ ಕಥೋಲಿಕರಿಗೆ ನೀಡುತ್ತ ಬಂದಿರುವ ಲೇತಾರೆ ಪದಕ ಅದು. ತಪಸ್ಸುಕಾಲದ ನಾಲ್ಕನೆಯ ಭಾನುವಾರಕ್ಕೆ, ಅಂದಿನ ಪೂಜೆಯ ಆರಂಭದ ಲತೀನ್ ಪದದಿಂದ, ಲೇತಾರೆ ಎಂಬ ಹೆಸರು. ಆನಂದಿಸು ಎಂದು ಅದರ ಅರ್ಥ. ವಿಶ್ವಗುರುಗಳು ಕೊಡುತ್ತಿದ್ದ ಚಿನ್ನದ ಗುಲಾಬಿಯ ಮಾದರಿಯಲ್ಲಿ ಇದು ಹುಟ್ಟಿತು. ಮೊದಲು ಪಡೆದವರು ಇತಿಹಾಸಕಾರ ಜಾನ್ ಗಿಲ್ಮರಿ ಶೇ. 1961ರಲ್ಲಿ ಅಧ್ಯಕ್ಷ ಕೆನಡಿಯವರಿಗೂ, 1972ರಲ್ಲಿ ಬಡವರ ನಡುವೆ ಬದುಕಿದ ಡೊರೊಥಿ ಡೇ ಅವರಿಗೂ ಸಂದ ಪದಕ ಇದೇ.

ಗಣಿಯಿಂದ ಹುಟ್ಟಿದ ಪದಕ

ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಕಾರ್ನೆಗಿ ವೀರ ಪದಕ. 1904ರ ಜನವರಿ 25ರಂದು ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ಸಮೀಪದ ಹಾರ್ವಿಕ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 179 ಮಂದಿ ಸತ್ತರು. ಒಳಗೆ ಯಾರಾದರೂ ಬದುಕಿರಬಹುದೆಂದು ಇಳಿದವರಲ್ಲಿ ಸೆಲ್ವಿನ್ ಟೇಲರ್ ಎಂಬ ಗಣಿ ಎಂಜಿನಿಯರರೂ ಡೇನಿಯಲ್ ಲೈಲ್ ಎಂಬ ಗಣಿಕಾರ್ಮಿಕರೂ ವಿಷಗಾಳಿಗೆ ಬಲಿಯಾದರು. ಉಕ್ಕಿನ ಉದ್ಯಮಿ ಆ್ಯಂಡ್ರ್ಯೂ ಕಾರ್ನೆಗಿ ಈ ಇಬ್ಬರ ಕುಟುಂಬಗಳಿಗಾಗಿ ಪದಕಗಳನ್ನು ಮಾಡಿಸಿದರು. ಅದೇ ವರ್ಷ 50 ಲಕ್ಷ ಡಾಲರ್ ಮೂಲಧನದಿಂದ ಒಂದು ನಿಧಿಯನ್ನು ಸ್ಥಾಪಿಸಿದರು. ತನ್ನ ಪ್ರಾಣವನ್ನು ಒತ್ತೆಯಿಟ್ಟು ಇನ್ನೊಬ್ಬರನ್ನು ಉಳಿಸಿದ, ಅಥವಾ ಉಳಿಸಲು ಹೋಗಿ ಸತ್ತ, ಸಾಮಾನ್ಯ ನಾಗರಿಕರಿಗೆ ಅದು ಪದಕ ಕೊಡುತ್ತದೆ. ಸತ್ತವರ ಹೆಂಡತಿ ಮಕ್ಕಳಿಗೆ ಹಣದ ನೆರವನ್ನೂ ಕೊಡುತ್ತದೆ.

ಮೂರು ಅಂಗುಲ ಅಗಲದ ಈ ಪದಕದ ಹಿಂಬದಿಯ ಅಂಚಿನ ಸುತ್ತ, ಸ್ನೇಹಿತರಿಗಾಗಿ ಪ್ರಾಣ ಕೊಡುವ ಪ್ರೀತಿಯೇ ಎಲ್ಲಕ್ಕೂ ಮಿಗಿಲೆಂದು ಸಾರುವ ಯೊವಾನ್ನರ ಶುಭಸಂದೇಶದ 15ನೆಯ ಅಧ್ಯಾಯದ 13ನೆಯ ವಚನವಿದೆ. ನಡುವೆ ಪಡೆದವರ ಹೆಸರು ಮತ್ತು ಕೃತ್ಯ. ನಿಧಿಯ ಪಟ್ಟಿಯಲ್ಲಿ ಮೊದಲನೆಯವನು 17 ವರ್ಷದ ಒಬ್ಬ ಕೂಲಿ ಹುಡುಗ. ಬಾವಿಯೊಳಗೆ ಉಸಿರುಗಟ್ಟಿ ಬಿದ್ದಿದ್ದ ಜೊತೆಗಾರನನ್ನು ಅವನು ಇಳಿದು ಮೇಲೆತ್ತಿದ್ದ. ಅಂದಿನಿಂದ ಇಂದಿನವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಪದಕಗಳು ಸಂದಿವೆ.

ಇದೇ ಕಾರ್ನೆಗಿಯವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿಯ ವಿವಾದ ಘರ್ಷಣೆಯಾಗಿ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದರು ಎಂಬುದನ್ನೂ ಮರೆಯಲಾಗದು. ಒಬ್ಬ ಮನುಷ್ಯನೊಳಗೆ ಎರಡೂ ಇರಬಲ್ಲವು. ಪದಕ ಅವನ ಪಾಪವನ್ನು ತೊಳೆಯುವುದಿಲ್ಲ, ಪಾಪವು ಆ ಪದಕ ಪಡೆದ ಕೂಲಿ ಹುಡುಗನ ಧೈರ್ಯವನ್ನು ಕುಂದಿಸುವುದೂ ಇಲ್ಲ.

ಚಿನ್ನದ ಪಟ್ಟಿ, ಬೆಳ್ಳಿಯ ಪಟ್ಟಿ

ಈಗ ಆ ಹುಡುಗ ತಂದ ಪೆಟ್ಟಿಗೆಗೆ ಮರಳೋಣ. ಅದರಲ್ಲಿದ್ದದ್ದು ಪನಾಮ ಕಾಲುವೆಯ ಪದಕ. ಮೀಸೆಯ ಮುಖ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರದು. 1906ರ ನವೆಂಬರಿನಲ್ಲಿ ಅವರು ಪನಾಮಕ್ಕೆ ಹೋಗಿ ಕೆಸರಿನಲ್ಲಿ ನಿಂತು ಕೆಲಸ ನೋಡಿದರು. ಯುದ್ಧದಲ್ಲಿ ಹೋರಾಡಿದವರಿಗೆ ಪದಕವಿರುವಂತೆ ಇಲ್ಲಿ ದುಡಿದವರಿಗೂ ಇರಬೇಕೆಂದು ಅವರಿಗೆ ಅನ್ನಿಸಿತು. ವಿನ್ಯಾಸ ಮಾಡಿದವರು ಫ್ರಾನ್ಸಿಸ್ ಡೇವಿಸ್ ಮಿಲೆಟ್ ಎಂಬ ಚಿತ್ರಕಾರ. ಅವರು 1912ರಲ್ಲಿ ಟೈಟಾನಿಕ್ ಹಡಗಿನೊಡನೆಯೇ ನೀರು ಪಾಲಾದರು.

ಪದಕದ ಲೋಹಕ್ಕೂ ಒಂದು ಕಥೆಯಿದೆ. ಅಮೆರಿಕಕ್ಕೆ ಮೊದಲು 1880ರ ದಶಕದಲ್ಲಿ ಫ್ರೆಂಚರು ಇದೇ ಕಾಲುವೆಯನ್ನು ತೋಡಲು ಹೊರಟು ಸೋತಿದ್ದರು. ಹಳದಿ ಜ್ವರ ಮತ್ತು ಮಲೇರಿಯಕ್ಕೆ ಸತ್ತವರು 20,000ಕ್ಕೂ ಹೆಚ್ಚೆಂದು ಅಂದಾಜು. ಅವರು ಬಿಟ್ಟುಹೋದ ಯಂತ್ರಗಳ ತಾಮ್ರ, ಕಂಚು, ತವರಗಳನ್ನು ಕರಗಿಸಿ ಫಿಲಡೆಲ್ಫಿಯದ ಟಂಕಸಾಲೆಯಲ್ಲಿ ಈ ಪದಕಗಳನ್ನು ಅಚ್ಚೊತ್ತಲಾಯಿತು. ಎರಡು ವರ್ಷ ಎಡೆಬಿಡದೆ ದುಡಿದವರಿಗೆ ಒಂದು ಪದಕ, ಮುಂದಿನ ಪ್ರತಿ ಎರಡು ವರ್ಷಕ್ಕೂ ಒಂದು ಅಡ್ಡಪಟ್ಟಿ. ಹೀಗೆ ಏಳು ಸಾವಿರಕ್ಕೂ ಹೆಚ್ಚು ಪದಕಗಳು ಸಂದವು.

ಆದರೆ ಒಂದು ಷರತ್ತಿತ್ತು. ಪಡೆಯುವವನು ಅಮೆರಿಕದ ಪ್ರಜೆಯಾಗಿರಬೇಕು.

ಕಾಲುವೆಯನ್ನು ಅಗೆದ ಕೈಗಳು ಬಹುಪಾಲು ಅಮೆರಿಕದವರದಲ್ಲ. ಬಾರ್ಬಡೋಸ್ ಎಂಬ ಪುಟ್ಟ ದ್ವೀಪವೊಂದರಿಂದಲೇ ಸುಮಾರು 20,000 ಕರಿಯ ಕಾರ್ಮಿಕರು ಕರಾರಿನ ಮೇಲೆ ಬಂದಿದ್ದರು. ಅಲ್ಲಿ ಎರಡು ಸಂಬಳದ ಪಟ್ಟಿಗಳಿದ್ದವು. ಬಿಳಿಯ ಅಮೆರಿಕನ್ನರದು ಚಿನ್ನದ ಪಟ್ಟಿ, ಕೆರಿಬಿಯನ್ ಕಾರ್ಮಿಕರದು ಬೆಳ್ಳಿಯ ಪಟ್ಟಿ. ಬೆಳ್ಳಿಯ ಪಟ್ಟಿಯ ಕೂಲಿಗೆ ಗಂಟೆಗೆ ಹತ್ತು ಸೆಂಟ್. ವಸತಿ ಬೇರೆ, ಊಟದ ಮನೆ ಬೇರೆ, ಅಂಚೆ ಕಚೇರಿಯ ಕಿಟಕಿ ಕೂಡ ಬೇರೆ. 1904ರಿಂದ 1914ರವರೆಗೆ ರೋಗದಿಂದಲೂ ಅಪಘಾತಗಳಿಂದಲೂ ಸತ್ತವರೆಂದು ದಾಖಲೆಯಲ್ಲಿರುವವರು 5,609 ಮಂದಿ. ಅವರಲ್ಲಿ ಸುಮಾರು 4,500 ಮಂದಿ ಕೆರಿಬಿಯನ್ ದ್ವೀಪಗಳವರು. ಮದ್ದಿನ ಸ್ಫೋಟಕ್ಕೂ ಮಣ್ಣಿನ ಕುಸಿತಕ್ಕೂ ಹೆಚ್ಚಾಗಿ ಎದೆಯೊಡ್ಡಿದವರು ಅವರೇ. ಪದಕದ ಪಟ್ಟಿಯಲ್ಲಿ ಮಾತ್ರ ಅವರಿಗೆ ಎಡೆ ಇರಲಿಲ್ಲ.

ಇದನ್ನು ಕೇಳಿ ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಇದನ್ನು ಇಟ್ಟುಕೊಳ್ಳುವುದೇ ತಪ್ಪೇ?" ಎಂದು ಕೇಳಿದ. ತಪ್ಪಲ್ಲವೆಂದೇ ನಮ್ಮ ಅಭಿಪ್ರಾಯ. ಆ ಹೆಸರಿನ ಮನುಷ್ಯನೂ ಜ್ವರದ ನಾಡಿನಲ್ಲಿ ವರ್ಷಗಟ್ಟಲೆ ದುಡಿದವನೇ. ಅವನ ಗೌರವವನ್ನು ಕಸಿಯಬೇಕಾಗಿಲ್ಲ. ಆದರೆ ಪದಕವನ್ನು ಓದುವಾಗ ಅದರ ಮೇಲಿರುವ ಹೆಸರಿನೊಡನೆ, ಇಲ್ಲದ ಹೆಸರುಗಳನ್ನೂ ಓದಬೇಕು. ಹಾಗೆ ಓದದ ಸಂಗ್ರಹ ಬರಿಯ ಲೋಹದ ರಾಶಿ.

ಸಂಗ್ರಹಿಸುವವರಿಗೆ ಕೆಲವು ಮಾತು

ಅನುಭವಿ ಸಂಗ್ರಾಹಕರು ಹೇಳುವ ಮೊದಲ ಎಚ್ಚರಿಕೆ, ಹಳೆಯ ಕಂಚನ್ನು ಉಜ್ಜಬಾರದು ಎಂಬುದು. ಈ ಪಾಠವನ್ನು ನಾವು ಕಲಿತದ್ದು ನಷ್ಟದಿಂದ. ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ನಮಗೊಂದು ಕಂಚಿನ ಪದಕ ದೊರೆತಿತ್ತು. ಕೆಲವು ವರ್ಷಗಳಲ್ಲಿ ಕಪ್ಪಾಯಿತೆಂದು, ಹಬ್ಬದ ಹಿಂದಿನ ದಿನ ಪಾತ್ರೆಗಳೊಡನೆ ಅದನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿಬಿಟ್ಟೆವು. ಮರುವರ್ಷವೂ ತಿಕ್ಕಿದೆವು. ಪದಕ ಹೊಳೆಯಿತು, ಆದರೆ ತೆಳುವಾಗಿ ಕೊರೆದಿದ್ದ ನಮ್ಮ ಹೆಸರು ಅಳಿಸಿಹೋಯಿತು. ಶಿಲ್ಪಿ ಬಯಸಿ ಕೊಟ್ಟ ಬಣ್ಣವೂ ಕಾಲ ಕೊಟ್ಟ ಬಣ್ಣವೂ ಒಮ್ಮೆ ಹೋದರೆ ಮರಳಿ ಬಾರವು.

ಪದಕವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಬೆರಳಿನ ಬೆವರು ಕಂಚಿಗೆ ಶತ್ರು. ತೇವವಿಲ್ಲದ ಜಾಗದಲ್ಲಿ ಇಡಬೇಕು. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲಗಳಿಂದ ಒಸರುವ ರಾಸಾಯನಿಕ ಲೋಹವನ್ನು ತಿನ್ನುತ್ತದೆ. ಹಸಿರು ಪುಡಿ ಕಾಣಿಸಿಕೊಂಡರೆ ಆ ಪದಕವನ್ನು ಉಳಿದವುಗಳಿಂದ ಬೇರ್ಪಡಿಸಿ ಬಲ್ಲವರಿಗೆ ತೋರಿಸಬೇಕು. ಕೊಳ್ಳುವ ಮೊದಲು ಅಂಚನ್ನು ಪರೀಕ್ಷಿಸಬೇಕು. ತಯಾರಕರ ಹೆಸರು ಹಲವು ಸಲ ಅಲ್ಲಿರುತ್ತದೆ. ಮೂಲ ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿ, ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಕೆಲವು ಪದಕಗಳನ್ನು ಕೊಳ್ಳಲೇಬಾರದು. ಅಮೆರಿಕದಲ್ಲಿ ಮೆಡಲ್ ಆಫ್ ಆನರ್‌ನ ಕ್ರಯವಿಕ್ರಯ ಕಾನೂನಿನ ಪ್ರಕಾರ ಅಪರಾಧ.

ಎಲ್ಲಕ್ಕಿಂತ ಮುಖ್ಯವಾದುದು ಹೆಸರು. ಹೆಸರಿಲ್ಲದ ಪದಕಕ್ಕಿಂತ ಹೆಸರಿರುವ ಪದಕವನ್ನು ಬಲ್ಲವರು ಹೆಚ್ಚು ಬಯಸುತ್ತಾರೆ. ಜನಗಣತಿ, ಹಳೆಯ ಪತ್ರಿಕೆ, ಹಡಗಿನ ಪ್ರಯಾಣಿಕರ ಪಟ್ಟಿ ಇವುಗಳನ್ನು ಹುಡುಕಿದರೆ ಒಂದು ಬದುಕು ನಿಧಾನವಾಗಿ ಎದ್ದು ನಿಲ್ಲುತ್ತದೆ. ಪನಾಮದ ಪದಕಗಳಿಗೆ ಕ್ರಮಸಂಖ್ಯೆಯೂ ಇರುವುದರಿಂದ ಹುಡುಕಾಟಕ್ಕೆ ಅನುಕೂಲ.

ರಜೆ ಮುಗಿಸಿ ಮರಳುವ ಮುನ್ನ ಹುಡುಗ ಮತ್ತೊಮ್ಮೆ ಬಂದಿದ್ದ. ಪದಕವನ್ನು ಮಾರುವ ಯೋಚನೆ ಬಿಟ್ಟಿದ್ದೇನೆ, ಆ ಹೆಸರಿನವರ ಮೊಮ್ಮಕ್ಕಳೋ ಮರಿಮಕ್ಕಳೋ ಇದ್ದರೆ ಹುಡುಕಿ ತಲುಪಿಸುತ್ತೇನೆ ಎಂದ. ಅವರು ಸಿಗುತ್ತಾರೋ ಇಲ್ಲವೋ, ಸಿಕ್ಕರೂ ಅವರಿಗೆ ಅದು ಬೇಕೋ ಬೇಡವೋ. ಡಬ್ಬಿಯ ತಳಕ್ಕೆ ಅದನ್ನು ಸೇರಿಸಿದವರು ಅವರೇ ಇರಬಹುದು. ಆದರೂ ಹುಡುಕಬೇಕೆಂಬ ಮನಸ್ಸೇ ಅವನಿಗೆ ಆ ಪದಕದಿಂದ ಬಂದ ಲಾಭವೆಂದು ನಾವು ತಿಳಿಯುತ್ತೇವೆ. ಅವನ ತಾಯಿ ಪೆಟ್ಟಿಗೆಯೊಳಗೆ ಒಂದು ಚೀಟಿ ಮಡಚಿಟ್ಟಿದ್ದರು. ಅದರಲ್ಲಿ ಬರೆದದ್ದು ಇಷ್ಟೇ: "ಇವರೊಡನೆ ದುಡಿದು ಸತ್ತ ಇನ್ನೂ ನಾಲ್ಕೂವರೆ ಸಾವಿರ ಜನ."

ಪ್ರಿಯ ಓದುಗರೇ, ನಿಮ್ಮ ಮನೆಯ ಕಪಾಟಿನಲ್ಲಿಯೂ ತಾತನದೋ ದೊಡ್ಡಮ್ಮನದೋ ಒಂದು ಪದಕ ಇರಬಹುದು. ಈ ಭಾನುವಾರ ಅದನ್ನು ಹೊರತೆಗೆಯಿರಿ. ಉಜ್ಜಬೇಡಿ. ಯಾರು ಪಡೆದರು, ಯಾರು ಕೊಟ್ಟರು, ಯಾತಕ್ಕಾಗಿ, ಯಾರ ನೆರವಿನಿಂದ ಎಂಬ ನಾಲ್ಕು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಅದರೊಡನೆ ಇಡಿರಿ. ಕಂಚು ನೂರಾರು ವರ್ಷ ಬಾಳುತ್ತದೆ. ಅದು ಯಾರದೆಂದು ಹೇಳಬಲ್ಲವರು ಅಷ್ಟು ಕಾಲ ಇರುವುದಿಲ್ಲ.